‘ಆದರೆ’ಗೆ ಒಂದಿಷ್ಟು ಜಾಗ

ಪತ್ರಿಕೆಗೆ ನಾನು ಮೊದಲ ಯಕ್ಷಗಾನ ಆಟದ ವಿಮರ್ಶೆ ಬರೆದದ್ದು 1987ರಲ್ಲಿ. ಆಗ ನನಗೆ 24 ವರ್ಷ. ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಕೆಲಸ ಸಿಕ್ಕಿ ವರ್ಷ ತುಂಬಿತ್ತು. ಮಂಗಳೂರಿನಿಂದ ಬರುವ ಒಂದು ದಿನಪತ್ರಿಕೆಗೆ ಬ್ರಹ್ಮಕಲಶ, ಶಾಲಾ ವಾರ್ಷಿಕೋತ್ಸವ, ರಸ್ತೆ ಕೆಟ್ಟದ್ದು, ಇಂಥ ಸುದ್ದಿಗಳನ್ನು ಕಳಿಸುತ್ತಿದ್ದೆ. ಒಂದು ದಿನ ಅಲ್ಲಿನ ಉಪಸಂಪಾದಕರಿಂದ ಒಂದು ಕಾರ್ಡು ಬಂತು. ‘ನಿಮ್ಮಲ್ಲಿ ದಿನಾ ಆಟ ಆಗುತ್ತದಲ್ಲ, ಯಾರು ಯಾವ ವೇಷ ಮಾಡಿದರು ಎಂಬ ಪಟ್ಟಿ ಸಾಕಾಗಿದೆ. ಹೇಗೆ ಮಾಡಿದರು ಅಂತ ಬರೆಯಿರಿ.’

ಕಾಸರಗೋಡಿನವರಿಗೆ ಯಕ್ಷಗಾನ ಬಯಲಾಟ ಅಂದರೆ ಆಟ, ತಾಳಮದ್ದಳೆ ಅಂದರೆ ಕೂಟ. ಬೇರೆ ಹೆಸರು ಬೇಕಾಗಿಲ್ಲ. ಪಾರ್ತಿಸುಬ್ಬ ನಮ್ಮ ಕುಂಬಳೆಯವನು. ರಾಮಾಯಣವನ್ನು ಪುತ್ರಕಾಮೇಷ್ಟಿಯಿಂದ ಹಿಡಿದು ಒಂದೊಂದೇ ಪ್ರಸಂಗವಾಗಿ, ಅಂದರೆ ಆಟದ ಕಥೆಯಾಗಿ, ಹಾಡಿಗೆ ಇಳಿಸಿದವನು ಎಂದು ನಾವು ಇವತ್ತಿಗೂ ಅವನನ್ನು ನೆನೆಯುತ್ತೇವೆ. ನಾನು ನಡೆಯಲು ಕಲಿತ ವರ್ಷವೇ ಅಜ್ಜನ ಹೆಗಲ ಮೇಲೆ ಕುಳಿತು ಆಟಕ್ಕೆ ಹೋದವನು. ಹಾಗಾಗಿ ಕಾರ್ಡು ಓದಿದಾಗ ಇದೇನು ಮಹಾ ಕೆಲಸ ಅನಿಸಿತು. ಆಟ ನೋಡುವುದು ಬೇರೆ, ನೋಡಿದ್ದನ್ನು ನೋಡದವನಿಗೆ ಕಾಣಿಸುವುದು ಬೇರೆ ಅಂತ ತಿಳಿದದ್ದು ಮೊದಲ ರಾತ್ರಿಯೇ.

ಗದ್ದೆ ಕೊಯ್ಲಾಗಿತ್ತು. ಚಾಪೆ ಹಾಕಿ ಕುಳಿತೆ. ಕೈಯಲ್ಲಿ ಹೊಸ ಪೆನ್ನು, ಹೊಸ ಪುಸ್ತಕ. ಎರಡು ಗಂಟೆಗೆ ಇಬ್ಬನಿ ಬೀಳಲು ಶುರುವಾಯಿತು. ಬರೆದ ಶಾಯಿ ಹರಡಿಕೊಂಡು ಬೆಳಿಗ್ಗೆ ನೋಡುವಾಗ ಅರ್ಧ ಪುಟ ನೀಲಿ ಕಲೆ. ಆವತ್ತಿನಿಂದ ಪೆನ್ಸಿಲ್. ಚೀಲದಲ್ಲಿ ಯಾವತ್ತೂ ಒಂದೇ ಸಾಮಾನು: ಎರಡು ಪೆನ್ಸಿಲ್, ಒಂದು ಬ್ಲೇಡು, ಟಾರ್ಚು, ಹೊದೆಯಲು ಒಂದು ಶಾಲು, ಆ ರಾತ್ರಿಯ ಪ್ರಸಂಗದ ಪುಸ್ತಕ. ಪ್ರಸಂಗ ಪುಸ್ತಕದಲ್ಲಿ ಪ್ರತಿ ಪದ್ಯದ ಮೇಲೆ ರಾಗ, ತಾಳ ಅಚ್ಚಾಗಿರುತ್ತದೆ. ಹಾಡುವ ಭಾಗವತರು ಯಾವ ಪದ್ಯ ಬಿಟ್ಟರು, ಯಾವುದನ್ನು ಬೇರೆ ರಾಗಕ್ಕೆ ತಿರುಗಿಸಿದರು ಅಂತ ಟಾರ್ಚು ಹಿಡಿದು ಪಕ್ಕದಲ್ಲಿ ಗುರುತು ಹಾಕುತ್ತಿದ್ದೆ. ಬಿಟ್ಟ ಪದ್ಯಗಳೇ ಎಷ್ಟೋ ಸಲ ಆ ರಾತ್ರಿಯ ಕಥೆ ಹೇಳುತ್ತವೆ. ಯುದ್ಧದ ಪದ್ಯ ಒಂದೂ ಬಿಡದೆ, ತಾಯಿ ಮಗನ ಪದ್ಯ ನಾಲ್ಕು ಹಾರಿಸಿದರೆ ಸಂಘಟಕರಿಗೆ ಏನು ಬೇಕಾಗಿತ್ತು ಅಂತ ಗೊತ್ತಾಗುತ್ತದೆ ಅಲ್ವಾ?

ಆಟ ಮುಗಿಯುವಾಗ ಬೆಳಕು ಹರಿದಿರುತ್ತಿತ್ತು. ಅಲ್ಲೇ ಬಸ್‌ಸ್ಟಾಪಿನ ಕಟ್ಟೆಯಲ್ಲಿ ಕುಳಿತು ಎರಡು ಹಾಳೆಗೆ ಇಳಿಸುತ್ತಿದ್ದೆ. ಕವರಿಗೆ ಹಾಕಿ, ಮೇಲೆ ಪತ್ರಿಕೆಯ ಹೆಸರು ದಪ್ಪಕ್ಕೆ ಬರೆದು, ಮಂಗಳೂರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಆಯಿತು. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್. ಹತ್ತು ಗಂಟೆಯೊಳಗೆ ಪತ್ರಿಕೆಯ ಹುಡುಗ ಬಸ್‌ಸ್ಟ್ಯಾಂಡಿಗೆ ಬಂದು ಕವರ್ ತೆಗೆದುಕೊಳ್ಳುತ್ತಿದ್ದ. ಕಂಡಕ್ಟರುಗಳು ಇದಕ್ಕೆ ಒಂದು ಪೈಸೆ ಕೇಳಿದವರಲ್ಲ. ‘ನಿನ್ನೆ ಯಾರ ವೇಷ ಒಳ್ಳೆದಾಯಿತು ಮಾಷ್ಟ್ರೇ?’ ಅಂತ ಕೇಳುತ್ತಿದ್ದರು, ಅಷ್ಟೆ. ಮನೆಗೆ ಹೋಗಿ ಮಿಂದು, ಗಂಜಿ ಉಂಡು, ಹತ್ತಕ್ಕೆ ಶಾಲೆ. ತಿಂಗಳ ಕೊನೆಗೆ ಅಚ್ಚಾದ ಬರಹವನ್ನು ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದು ಹಣ ಕಳಿಸುತ್ತಿದ್ದರು. ಆ ಹಣ ಪೆನ್ಸಿಲ್, ಟಾರ್ಚಿನ ಬ್ಯಾಟರಿ, ಬಸ್ ಚಾರ್ಜಿಗೆ ಸರಿಹೋಗುತ್ತಿತ್ತು. ಈ ಕೆಲಸದಿಂದ ಯಾರೂ ಸಂಸಾರ ನಡೆಸಿದ್ದನ್ನು ನಾನು ಕಂಡಿಲ್ಲ. ಮಾಸ್ತರಿಕೆಯೋ ಅಡಿಕೆ ತೋಟವೋ ಬ್ಯಾಂಕಿನ ಕೆಲಸವೋ ಹಿಂದೆ ಇರಲೇಬೇಕು.

ಮೂರನೇ ವರ್ಷ ನಾನೊಂದು ತಪ್ಪು ಮಾಡಿದೆ.

ಆ ರಾತ್ರಿ ಮೂರು ಪ್ರಸಂಗ ಇತ್ತು. ಕೊನೆಯದು ಅಭಿಮನ್ಯು ಕಾಳಗ. ಪುಂಡುವೇಷಕ್ಕೆ, ಅಂದರೆ ಎಳೆಯ ವೀರರ ಪಾತ್ರಕ್ಕೆ, ಹೆಸರಾದ ಕಲಾವಿದರೊಬ್ಬರ ಅಭಿಮನ್ಯು ಅಂತ ನೋಟೀಸಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿದ್ದರು. ಅವರ ಅಭಿಮನ್ಯುವನ್ನು ಅದಕ್ಕೆ ಮೊದಲು ನಾಲ್ಕೈದು ಸಲ ನೋಡಿದ್ದೆ. ಮರುದಿನ ಶಾಲೆಗೆ ಇನ್‌ಸ್ಪೆಕ್ಷನ್ ಬರುವುದಿತ್ತು. ರಾತ್ರಿ ಒಂದೂವರೆಗೆ ಎದ್ದು ಬಂದೆ. ಮನೆಯಲ್ಲಿ ಕುಳಿತು ಬರೆದೆ. ‘ಚಕ್ರವ್ಯೂಹ ಹೊಗುವ ಮೊದಲಿನ ಕುಣಿತದಲ್ಲಿ ಅವರ ಹೆಜ್ಜೆ ಎಂದಿನಂತೆ ಚುರುಕಾಗಿತ್ತು’ ಅಂತ ಸೇರಿಸಿದೆ. ಎಂದಿನಂತೆ ಎಂಬ ಮಾತನ್ನು ಎಷ್ಟು ಸಲೀಸಾಗಿ ಬರೆದೆ ಅಂತ ಈಗ ನೆನೆದರೂ ಮೈ ಬಿಸಿಯಾಗುತ್ತದೆ.

ಅವರು ಆ ರಾತ್ರಿ ಬಂದೇ ಇರಲಿಲ್ಲ. ಜ್ವರ. ಅವರ ಬದಲು ಮೇಳದಲ್ಲಿ ಕಥೆಗೆ ಮೊದಲು ಬರುವ ಕೋಡಂಗಿ, ಬಾಲಗೋಪಾಲ ವೇಷ ಮಾಡಿಕೊಂಡಿದ್ದ ಹದಿನೆಂಟರ ಹುಡುಗನೊಬ್ಬನನ್ನು ಗೆಜ್ಜೆ ಕಟ್ಟಿಸಿ ರಂಗಕ್ಕೆ ಕಳಿಸಿದ್ದರು. ಅವನಿಗೆ ಅದು ಮೊದಲ ದೊಡ್ಡ ವೇಷ. ಆಟ ನೋಡಿದವರೆಲ್ಲ ಹುಡುಗ ಗೆದ್ದ ಅಂದರಂತೆ. ಪತ್ರಿಕೆ ಬಂದ ದಿನ ಮಧ್ಯಾಹ್ನ ಅವನ ಅಪ್ಪ ಶಾಲೆಗೆ ಬಂದರು. ಯಾರದೋ ತೋಟದಲ್ಲಿ ಕೆಲಸಕ್ಕೆ ಹೋಗುವವರು. ಕೈಯಲ್ಲಿ ನಾಲ್ಕಾಗಿ ಮಡಚಿದ ಪತ್ರಿಕೆ. ಬೈಯಲಿಲ್ಲ. ‘ಮಾಷ್ಟ್ರೇ, ಇದು ನನ್ನ ಮಗ ಮಾಡಿದ ವೇಷ’ ಅಂತ ಮಾತ್ರ ಹೇಳಿದರು. ನಾನು ಕುರ್ಚಿ ಎಳೆದು ಕೊಟ್ಟೆ. ಕುಳಿತುಕೊಳ್ಳಲಿಲ್ಲ.

ಪತ್ರಿಕೆಗೆ ನಿಜ ಬರೆದೆ. ಎರಡು ಸಾಲಿನ ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಬಂತು. ಹುಡುಗನ ಊರಿಗೆ ಹೋಗಿ ಮನೆಯವರ ಎದುರು ತಪ್ಪಾಯಿತು ಅಂದೆ. ಆದರೆ ಆ ಬೆಳಗಿನ ಅಭಿಮನ್ಯು ಹೇಗಿತ್ತು ಅಂತ ನಾನು ನೋಡಿಲ್ಲ, ಬರೆಯಲೂ ಆಗಲಿಲ್ಲ. ಅವನ ಮೊದಲ ದೊಡ್ಡ ವೇಷದ ಬಗ್ಗೆ ಎಲ್ಲಿಯೂ ಒಂದು ಸಾಲಿಲ್ಲ. ಅಂದಿನಿಂದ ನನ್ನ ಬರಹದಲ್ಲಿ ಒಂದು ವಾಕ್ಯ ಖಾಯಂ ಆಯಿತು. ಮೊದಲೇ ಎದ್ದು ಬಂದರೆ ‘ರಾತ್ರಿ ಇಷ್ಟು ಗಂಟೆಯವರೆಗೆ ನೋಡಿದ ಭಾಗದ ಬಗ್ಗೆ ಮಾತ್ರ ಇಲ್ಲಿ ಬರೆದಿದೆ’ ಅಂತ ಸೇರಿಸುತ್ತೇನೆ. ಉಪಸಂಪಾದಕರಿಗೆ ಅದು ಹಿಡಿಸುತ್ತಿರಲಿಲ್ಲ. ಓದುಗನಿಗೆ ಯಾಕೆ ಇದೆಲ್ಲ, ಅನ್ನುತ್ತಿದ್ದರು. ಬೇಕು ಅಂತ ಹಟ ಹಿಡಿದೆ.

ಇನ್ನು ಚೌಕಿಯ ವಿಷಯ. ಚೌಕಿ ಅಂದರೆ ಬಣ್ಣ ಹಚ್ಚುವ ಜಾಗ. ವಿಮರ್ಶಕ ಚೌಕಿಗೆ ಹೋಗಬಾರದು, ಹೋದರೆ ದಾಕ್ಷಿಣ್ಯ ಹುಟ್ಟುತ್ತದೆ ಎಂದು ಕೆಲವರು ಹೇಳುತ್ತಾರೆ. ನನಗೆ ಆ ಮಾತು ಸರಿ ಅನಿಸಿಲ್ಲ. ನಮ್ಮ ಊರು ಸಣ್ಣದು. ಕಲಾವಿದರನ್ನು ಚೌಕಿಯಲ್ಲಿ ತಪ್ಪಿಸಿದರೂ ಮರುದಿನ ರೇಷನ್ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಎದುರು ಸಿಕ್ಕೇ ಸಿಗುತ್ತಾರೆ. ದಾಕ್ಷಿಣ್ಯವನ್ನು ಮುಖಾಮುಖಿಯಾಗಿಯೇ ಗೆಲ್ಲಬೇಕು.

ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರಗಳ, ಒಬ್ಬ ಹಿರಿಯರಿದ್ದರು. ಅರುವತ್ತು ದಾಟಿದವರು. ಅವರು ಚುಟ್ಟಿ ಇಡುವುದನ್ನು ನೋಡಲಿಕ್ಕೆಂದೇ ನಾನು ಸಂಜೆ ಬೇಗ ಹೋಗುತ್ತಿದ್ದೆ. ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಅರೆದ ಗಟ್ಟಿ ಹಿಟ್ಟು ಒಂದು ಗೆರಟೆಯಲ್ಲಿ. ಕೈಯಲ್ಲಿ ಸಪೂರ ಕಡ್ಡಿ. ಎಡಗೈಯಲ್ಲಿ ಕನ್ನಡಿ. ಕಡ್ಡಿ ಅದ್ದಿ ಕೆನ್ನೆಯ ಮೇಲೆ ಒಂದು ಚುಕ್ಕಿ. ಕಡ್ಡಿ ಎತ್ತುವಾಗ ಹಿಟ್ಟು ಸ್ವಲ್ಪ ಎಳೆದು ಬಂದು ಮುಳ್ಳಿನ ಹಾಗೆ ನಿಲ್ಲುತ್ತದೆ. ಅದರ ಪಕ್ಕ ಇನ್ನೊಂದು. ಸಾಲು ಮುಗಿದು ಒಣಗಿದ ಮೇಲೆ ಅದರ ಮೇಲೆಯೇ ಮತ್ತೊಂದು ಸಾಲು. ಹೀಗೆ ಮೂರು ಗಂಟೆ. ಅಷ್ಟು ಹೊತ್ತು ತುಟಿ ಅಲುಗಿಸುವ ಹಾಗಿಲ್ಲ. ಅಲುಗಿದರೆ ಒಣಗಿದ ಚುಟ್ಟಿ ಬಿರಿಯುತ್ತದೆ. ಮನುಷ್ಯನ ಮುಖ ಸ್ವಲ್ಪ ಸ್ವಲ್ಪವೇ ಮರೆಯಾಗಿ ಕೊನೆಗೆ ಕಣ್ಣು ಮಾತ್ರ ಅವರದ್ದು.

ಒಂದು ಸಂಜೆ ಚುಟ್ಟಿ ಶುರು ಮಾಡುವ ಮೊದಲು ಅವರು ನನ್ನನ್ನು ಹತ್ತಿರ ಕರೆದರು.

‘ಮಾಷ್ಟ್ರೇ, ನೀವು ಎಲ್ಲರನ್ನೂ ಹೊಗಳ್ತೀರಿ. ಓದಿ ನಮಗೇನು ಪ್ರಯೋಜನ?’

ನನಗೆ ಆಶ್ಚರ್ಯವಾಯಿತು. ‘ಇಲ್ಲ ಅಣ್ಣ, ತಪ್ಪು ಕಂಡದ್ದನ್ನೂ ಬರೆದಿರುತ್ತೇನೆ’ ಅಂದೆ.

‘ಪೇಪರಲ್ಲಿ ಬರುವುದಿಲ್ಲ. ರಂಗದಲ್ಲಿ ಇರುವಾಗ ನನಗೆ ನಾನು ಕಾಣುವುದಿಲ್ಲ. ಎದುರು ಕೂತು ನೋಡುವವರು ನೀವು. ನೀವೂ ಹೇಳದಿದ್ದರೆ ಮತ್ತೆ ಯಾರು ಹೇಳುವುದು?’

ಮನೆಗೆ ಹೋಗಿ ಹಳೆಯ ಕತ್ತರಿಕೆಗಳನ್ನು ತೆಗೆದೆ. ನನ್ನ ಹತ್ತಿರವಿದ್ದ ಕರಡು ಪ್ರತಿಗಳ ಪಕ್ಕ ಇಟ್ಟು ನೋಡಿದೆ. ವಿಷಯ ಆಗ ಗೊತ್ತಾಯಿತು. ನಾನು ಮೊದಲು ಒಳ್ಳೆಯದನ್ನೆಲ್ಲ ಹೇಳಿ, ಕೊನೆಯ ಪ್ಯಾರಾದಲ್ಲಿ ‘ಆದರೆ’ ಅಂತ ಶುರು ಮಾಡಿ ಕೊರತೆ ಬರೆಯುತ್ತಿದ್ದೆ. ಪತ್ರಿಕೆಯಲ್ಲಿ ಜಾಗ ಕಡಿಮೆಯಾದರೆ ಬರಹವನ್ನು ಬುಡದಿಂದ ಕತ್ತರಿಸುತ್ತಾರೆ. ರಾತ್ರಿ ಹನ್ನೊಂದಕ್ಕೆ ಜಾಹೀರಾತು ಬಂದರೆ ಮತ್ತೇನು ಮಾಡುವುದು? ಹಾಗೆ ಪ್ರತಿ ಸಲವೂ ನನ್ನ ‘ಆದರೆ’ ಮಂಗಳೂರಿನಲ್ಲಿ ಕಸದ ಬುಟ್ಟಿಗೆ ಹೋಗಿತ್ತು. ಮೂರು ವರ್ಷ ನಾನು ಊರಿನ ಕಣ್ಣಿಗೆ ಬರೀ ಹೊಗಳುವವನಾಗಿ ಬದುಕಿದ್ದೆ.

ಅಲ್ಲಿಂದ ಬರಹದ ಕಟ್ಟೋಣವನ್ನೇ ಬದಲಿಸಿದೆ. ಎರಡನೇ ಪ್ಯಾರಾದಲ್ಲೇ ‘ಆದರೆ’. ಕೊನೆಯಲ್ಲಿ ಪ್ರಾಯೋಜಕರ ಹೆಸರು, ಸಭೆಯ ಅಧ್ಯಕ್ಷರ ಹೆಸರು. ಕತ್ತರಿಸಿದರೆ ಅದು ಹೋಗಲಿ. ಈ ಕೆಲಸದ ಬಗ್ಗೆ ನನಗೆ ಯಾರಾದರೂ ಕೇಳಿದರೆ ಮೊದಲು ಹೇಳಿಕೊಡುವುದು ಇದನ್ನೇ.

ಹಾಗೆ ಬದಲಿಸಿದ ಮೇಲಿನ ಮೊದಲ ಬರಹ ಆ ಹಿರಿಯರ ಮಹಿಷಾಸುರನ ಬಗ್ಗೆಯೇ ಆಗಿತ್ತು. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಬರುವುದು ಜನರ ನಡುವಿನಿಂದ. ಮುಂದೆ ಹಿಂದೆ ತೆಂಗಿನ ಗರಿಯ ಪಂಜು, ಅಂದರೆ ಸೂಟೆ, ಬೆಂಕಿ, ಕೂಗು, ಚೆಂಡೆ. ಮಕ್ಕಳು ಅಮ್ಮಂದಿರ ಸೆರಗಿನೊಳಗೆ. ಅವರ ಪ್ರವೇಶಕ್ಕೆ ಸಾಟಿ ಇರಲಿಲ್ಲ. ಅದನ್ನು ಬರೆದು, ‘ಆದರೆ ರಂಗ ಹತ್ತಿದ ಕೂಡಲೇ ಮಾತು ಶುರು ಮಾಡಿದ್ದರಿಂದ ಉಸಿರು ಸಿಗದೆ ಮೊದಲ ನಾಲ್ಕು ವಾಕ್ಯಗಳು ಯಾರಿಗೂ ಕೇಳಲಿಲ್ಲ’ ಅಂದೆ. ಈ ಸಲ ಅದು ಅಚ್ಚಾಯಿತು. ಅವರು ಎರಡು ತಿರುಗಾಟ, ಅಂದರೆ ಮೇಳ ಊರೂರು ಸುತ್ತುವ ಎರಡು ವರ್ಷ, ನನ್ನ ಹತ್ತಿರ ಮಾತಾಡಲಿಲ್ಲ. ಚೌಕಿಗೆ ಹೋದರೆ ಕನ್ನಡಿ ಆಚೆ ತಿರುಗಿಸುತ್ತಿದ್ದರು. ನನಗೆ ತುಂಬ ನೋವಾಯಿತು. ಹೋಗುವುದನ್ನು ಮಾತ್ರ ಬಿಡಲಿಲ್ಲ.

ಮೂರನೇ ವರ್ಷ, ನೀರ್ಚಾಲು ಕಡೆಯ ಒಂದು ಹರಕೆ ಆಟ. ಮಹಿಷಾಸುರ ಸೂಟೆಗಳ ನಡುವೆ ಬಂದ. ರಂಗದ ಬುಡದಲ್ಲಿ ನಿಂತ. ಹತ್ತಲಿಲ್ಲ. ಜನರ ಕಡೆ ಬೆನ್ನು ಹಾಕಿ ಒಂದು ಕೈಯಲ್ಲಿ ರಂಗದ ಕಂಬ ಹಿಡಿದು ಸುಮ್ನೆ ನಿಂತ. ಚೆಂಡೆ ನಡೆಯುತ್ತಲೇ ಇತ್ತು. ನಿಂತಷ್ಟೂ ಭಯ ಜಾಸ್ತಿಯಾಯಿತು. ಆಮೇಲೆ ಹತ್ತಿ, ತಿರುಗಿ, ಮೊದಲ ಮಾತು ಆಡಿದಾಗ ಗದ್ದೆಯ ಕೊನೆಗೂ ಕೇಳಿಸಿತು. ಆಟ ಮುಗಿದ ಮೇಲೆ ಅವರು ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದರು. ನಾನು ಹೋಗಿ ನಿಂತೆ. ‘ಚಾ ಕುಡಿದಿರಾ ಮಾಷ್ಟ್ರೇ?’ ಅಂತ ಕೇಳಿದರು. ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಟಕ್ಕಿಂತ ಕೂಟದ ಬಗ್ಗೆ ಬರೆಯುವುದು ಕಷ್ಟ. ವೇಷ ಇಲ್ಲ, ಕುಣಿತ ಇಲ್ಲ. ಮಾತೊಂದೇ. ಪದ್ಯ ಪಾರ್ತಿಸುಬ್ಬನದ್ದು ಇರಬಹುದು, ಅರ್ಥ, ಅಂದರೆ ಪದ್ಯವನ್ನು ಹಿಡಿದು ಆಡುವ ಮಾತು, ಮಾತ್ರ ಆ ರಾತ್ರಿ ಅಲ್ಲೇ ಹುಟ್ಟಿದ್ದು. ಬರೆದಿಟ್ಟ ಮಾತಲ್ಲ. ನಮ್ಮ ಕುಂಬಳೆ ಸೀಮೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಬಾಣ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ. ಆ ಪ್ರಶ್ನೆಯನ್ನು ಅವರು ಬೆಳೆಸುವಾಗ ಸಭೆಯೇ ವಾಲಿಯ ಪಕ್ಷ ಆಗಿಬಿಡುತ್ತಿತ್ತು. ಅಲ್ಲಿಗೆ ವಿಮರ್ಶಕನ ಕೆಲಸ ಶುರು. ವಾಲಿ ವಾದದಲ್ಲಿ ಎಷ್ಟು ಗೆದ್ದರೂ ಕೊನೆಗೆ ಪದ್ಯ ಹೇಳಿದಲ್ಲಿಗೆ ಬಂದು ಮಣಿಯಬೇಕು. ಆ ಮಣಿಯುವುದು ಒಳಗಿನಿಂದ ಬಂತಾ, ಅಥವಾ ಹೊತ್ತಾಯಿತು ಅಂತ ಮುಗಿಸಿದ್ದಾ? ಎದುರಿನ ರಾಮ ಉತ್ತರ ಕೊಟ್ಟನಾ, ಬರೀ ಶ್ಲೋಕ ಹೇಳಿದನಾ? ಇದನ್ನು ಹಿಡಿಯಲು ನಾನು ವಾದದ ಒಂದೊಂದು ಹೆಜ್ಜೆಯನ್ನೂ ಬರೆದುಕೊಳ್ಳುತ್ತಿದ್ದೆ. ಆ ಕಾಲದಲ್ಲಿ ಎಲ್ಲ ಕೂಟವನ್ನೂ ಯಾರೂ ರೆಕಾರ್ಡ್ ಮಾಡುತ್ತಿರಲಿಲ್ಲ. ಎಷ್ಟೋ ಕೂಟಗಳು ಹೇಗಿದ್ದವು ಅಂತ ತಿಳಿಯಲು ಪತ್ರಿಕೆಯ ಆ ಎರಡು ಕಾಲಂ ಬಿಟ್ಟರೆ ಬೇರೇನೂ ಉಳಿದಿಲ್ಲ.

ಎಡನೀರು ಮಠದಲ್ಲಿ ಅಂಥ ಕೂಟಗಳನ್ನು ತುಂಬ ಕೇಳಿದ್ದೇನೆ. ಅಲ್ಲಿನ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರನ್ನು ದೇಶ ನೆನೆಯುವುದು ಸಂವಿಧಾನದ ಬಗೆಗಿನ 1973ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ. ಹದಿಮೂರು ನ್ಯಾಯಾಧೀಶರು ಕೂತು ಕೇಳಿದ ಮೊಕದ್ದಮೆ. ನಮಗೆ ಅವರು ಆಟ ಕೂಟಗಳನ್ನು ಸಾಕಿದವರು, ಸ್ವತಃ ಭಾಗವತಿಕೆ ಮಾಡುತ್ತಿದ್ದವರು. 2020ರಲ್ಲಿ ಅವರು ತೀರಿಕೊಂಡಾಗ ದೊಡ್ಡ ಪತ್ರಿಕೆಗಳೆಲ್ಲ ಸಂವಿಧಾನದ ಬಗ್ಗೆ ಬರೆದವು. ಸರಿಯೇ. ನಾನು ಅವರ ಹಾಡುಗಾರಿಕೆಯ ಬಗ್ಗೆ ಬರೆದೆ.

ನಾಟಕಗಳ ಬಗ್ಗೆಯೂ ಬರೆದಿದ್ದೇನೆ, ಅಷ್ಟು ಹೆಚ್ಚಲ್ಲ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನ ತಿರುಗಾಟ ತಂಡ ಈ ಕಡೆ ಬಂದಾಗೆಲ್ಲ ತಪ್ಪಿಸಿಲ್ಲ. ಒಂದು ವರ್ಷ ಅವರ ಶಿಬಿರಕ್ಕೂ ಹೋದೆ. ರಾತ್ರಿ ನೋಡಿದ ನಾಟಕದ ಬಗ್ಗೆ ಬೆಳಿಗ್ಗೆ ಎಲ್ಲರೂ ಕೂತು ಮಾತಾಡುವುದು ಅಲ್ಲಿ ಕಂಡೆ. ‘ಚೆನ್ನಾಗಿತ್ತು’ ಅಂದವನಿಗೆ ‘ಯಾವುದು?’ ಅಂತ ಕೇಳುತ್ತಿದ್ದರು. ಆ ‘ಯಾವುದು’ ಇವತ್ತಿಗೂ ನಾನು ಬರೆಯುವಾಗ ಪಕ್ಕದಲ್ಲಿ ಕೂತಿರುತ್ತದೆ.

ಈಗ ಕಾಲ ಬೇರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಎಂಬ ನಿಯಮ 2000ದಲ್ಲೇ ಬಂತು. ಅದನ್ನು ಬಿಗಿಯಾಗಿ ಪಾಲಿಸತೊಡಗಿದ ಮೇಲೆ ಬೆಳಗಿನವರೆಗಿನ ಆಟ ಕಡಿಮೆಯಾಗಿ ಕಾಲಮಿತಿ ಆಟ ಬಂತು. ನಿದ್ದೆಗೆ ಒಳ್ಳೆಯದು, ನನ್ನ ವಯಸ್ಸಿಗೂ ಒಳ್ಳೆಯದು. ಆದರೆ ಹೊತ್ತು ಕಡಿಮೆಯಾದಾಗ ಕತ್ತರಿಸಿದ್ದು ಏನನ್ನು? ಪೂರ್ವರಂಗವನ್ನು, ಅಂದರೆ ಕಥೆಗೆ ಮೊದಲಿನ ಕುಣಿತಗಳನ್ನು. ಕೋಡಂಗಿ, ಬಾಲಗೋಪಾಲ, ಷಣ್ಮುಖ ಸುಬ್ರಾಯ. ಹೊಸ ಹುಡುಗರು ರಂಗದ ಚಳಿ ಬಿಡಿಸಿಕೊಳ್ಳುತ್ತಿದ್ದದ್ದು ಅಲ್ಲೇ. ಆ ರಾತ್ರಿ ಅಭಿಮನ್ಯು ಮಾಡಿ ಗೆದ್ದ ಹುಡುಗ ಅಲ್ಲಿ ಕುಣಿದು ಕುಣಿದೇ ತಯಾರಾದವನು. ಅದನ್ನು ಕತ್ತರಿಸಿ, ಆಟದ ನಡುವೆ ಮುಕ್ಕಾಲು ಗಂಟೆ ಸನ್ಮಾನ ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಪತ್ರಿಕೆಯ ಜಾಗವೂ ಸಣ್ಣದಾಯಿತು. ಮೊದಲು 600 ಪದ, ಆಮೇಲೆ 350. ಈಗ ಫೋನು ಬರುತ್ತದೆ, ‘ಮಾಷ್ಟ್ರೇ, 150 ಪದ ಸಾಕು, ಒಂದು ಫೋಟೊ ಕಳಿಸಿ.’ ಆಟ ಮುಗಿಯುವ ಮೊದಲೇ ಅದರ ತುಣುಕು ಎಲ್ಲರ ಮೊಬೈಲಿನಲ್ಲಿ ಇರುತ್ತದೆ. ಹಾಗಿದ್ದ ಮೇಲೆ ವಿಮರ್ಶೆ ಯಾಕೆ ಅಂತ ಒಬ್ಬರು ಸಂಘಟಕರೇ ನನ್ನನ್ನು ಕೇಳಿದರು. ಮೊಬೈಲು ತೋರಿಸುತ್ತದೆ, ಸರಿ. ‘ಆದರೆ’ ಅನ್ನುವುದಿಲ್ಲವಲ್ಲ, ಅಂದೆ. 150 ಪದದಲ್ಲೂ ನಾನು ಮೂವತ್ತು ಪದ ಅದಕ್ಕೆ ಇಡುತ್ತೇನೆ.

ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. 2019ರಲ್ಲಿ ರಾಜ್ಯದ 60ನೇ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ನಡೆಯಿತು. ಗಡಿಯ ಕನ್ನಡಕ್ಕಾಗಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಜೀವಮಾನವಿಡೀ ದನಿ ಎತ್ತಿದ ಮಣ್ಣು ಇದು. 1956ರಿಂದ ಕೇರಳದಲ್ಲಿರುವ ನಮ್ಮಲ್ಲಿ ಕನ್ನಡ ಶಾಲೆಗಳಿಗೆ ಏನೇನು ಕಷ್ಟ ಅಂತ ಮಾಸ್ತರನಾಗಿ ನನಗೆ ಚೆನ್ನಾಗಿ ಗೊತ್ತು. ಅದೇ ಯೋಚನೆಯಲ್ಲಿ, ಆಮೇಲಿನ ಒಂದು ವರ್ಷ ಶಾಲಾ ಮಕ್ಕಳ ಆಟವೊಂದನ್ನು ನೋಡಲು ಹೋಗಿದ್ದೆ. ಪ್ರಸಂಗ ಸುಧನ್ವನದ್ದು. ಸುಧನ್ವ ಮಾಡಿದ ಹುಡುಗಿಯ ಹೆಜ್ಜೆ ನೋಡಿ ನೆಟ್ಟಗೆ ಕುಳಿತೆ. ತಾಳ ಬಿಡುವ ಪ್ರಶ್ನೆಯೇ ಇಲ್ಲ. ಮುಗಿದ ಮೇಲೆ ಮಾತಾಡಿಸಲು ಹೋದರೆ ಅವಳಿಗೆ ಕನ್ನಡ ಬರುವುದಿಲ್ಲ. ಮಲಯಾಳಂ ಮಾಧ್ಯಮದ ಹುಡುಗಿ. ಕೈಯಲ್ಲಿ ಒಂದು ನೋಟ್‌ಬುಕ್. ಕನ್ನಡದ ಅರ್ಥವನ್ನೆಲ್ಲ ಮಲಯಾಳಂ ಅಕ್ಷರದಲ್ಲಿ ಬರೆದು ಬಾಯಿಪಾಠ ಮಾಡಿದ್ದಳು. ಪುಟದ ಅಂಚು ಬೆವರಿಗೆ ಮೆತ್ತಗಾಗಿತ್ತು.

ಅವಳ ಬಗ್ಗೆ ಬರೆದೆ. ಕುಣಿತವನ್ನು ಮನಸಾರೆ ಹೊಗಳಿದೆ. ಎಳೆಯ ಹುಡುಗಿ, ಬೇರೆ ಭಾಷೆಯವಳು, ಇಷ್ಟು ಸಾಕು ಅಂತ ಕೈ ಹಿಂದೆ ಸರಿಯಿತು. ಆಮೇಲೆ ಆ ಹಿರಿಯರ ಮಾತು ನೆನಪಾಯಿತು. ‘ಆದರೆ ಮಾತು ತುಂಡಾಗುತ್ತಿದ್ದದ್ದು ನೋಟ್‌ಬುಕ್ಕಿನ ಸಾಲು ಮುಗಿದಲ್ಲಿ, ಅರ್ಥ ಮುಗಿದಲ್ಲಿ ಅಲ್ಲ. ಮೀರಿದವನಲ್ಲ ಎಂಬ ಮಾತನ್ನು ಮೀರಿದವನು ಅಂತ ನಿಲ್ಲಿಸಿ ಅಲ್ಲ ಅಂದರೆ ಮೀರಿದ ಹಾಗೆಯೇ ಕೇಳಿಸುತ್ತದೆ’ ಅಂತ ಬರೆದು ಕಳಿಸಿದೆ.

ಪತ್ರಿಕೆ ಬಂದ ದಿನ ಸಂಜೆ ಅವಳ ಟೀಚರ್ ಫೋನ್ ಮಾಡಿದರು. ನಾನು ಸ್ವಲ್ಪ ಅಳುಕಿದೆ. ಅವರು, ‘ಓದಿ ಹೇಳಿದೆ ಮಾಷೇ, ಅವಳಿಗೆ ನಿಮ್ಮ ಹತ್ತಿರ ಏನೋ ಕೇಳಬೇಕಂತೆ’ ಅಂದು ಫೋನ್ ಅವಳ ಕೈಗೆ ಕೊಟ್ಟರು. ಹೊಗಳಿದ್ದರ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಮಲಯಾಳದಲ್ಲಿ ಕೇಳಿದಳು, ಎಲ್ಲೆಲ್ಲಿ ನಿಲ್ಲಬೇಕು ಮಾಷೇ?

‘ತಂದೆಯ ಅಪ್ಪಣೆಯನ್ನು’ ಅಂದೆ. ಆ ಕಡೆ ಪುಟ ತಿರುಗಿಸಿದ ಸದ್ದು. ‘ಎಂದೂ ಮೀರಿದವನಲ್ಲ’ ಅಂತ ಒಂದೇ ಉಸಿರಿಗೆ ಹೇಳಿದೆ. ಅವಳು ಹೇಳಿದಳು. ಇನ್ನೊಮ್ಮೆ ಹೇಳಿದಳು. ಮುಂದಿನ ಸಾಲಿಗೆ ಹೋಗೋಣವೇ ಅಂತ ಕೇಳಿದೆ.

‘ನಿಲ್ಲಿ ಮಾಷೇ’ ಅಂದಳು. ‘ಇಲ್ಲೊಂದು ಗೆರೆ ಎಳೆದುಕೊಳ್ಳುತ್ತೇನೆ.’